ಕಾರ್ಕಳ ಬಸ್ಸಿನಲ್ಲಿ ಬ್ಯಾಕಪ್

ಬನ್ನಂಜೆಯ ಅಡ್ಯಂತಾಯ ಗೋಡಂಬಿ ಕಂಪೆನಿಯ ಕಚೇರಿಯಲ್ಲಿ ಏಸಿ ಇದ್ದದ್ದು ಎರಡೇ ಕೋಣೆಗಳಿಗೆ. ಒಂದರಲ್ಲಿ ಧನಿ ಕರುಣಾಕರ ಅಡ್ಯಂತಾಯರು ಕುಳಿತುಕೊಳ್ಳುತ್ತಿದ್ದರು. ಇನ್ನೊಂದರಲ್ಲಿ ಕಂಪೆನಿಯ ಇಮೇಲ್ ಸರ್ವರ್ ಕುಳಿತಿತ್ತು. ಅದನ್ನು ಒಂಟಿಯಾಗಿ ಬಿಟ್ಟರೆ ಏನಾದರೂ ಆದೀತು ಎಂಬ ಕಾಳಜಿಯಿಂದ ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು ಜೋಕಿಮ್ ಲೋಬೋ ಕುಳಿತಿದ್ದ. ಮೇ ತಿಂಗಳಲ್ಲಿ ಉಡುಪಿಯ ಜನ ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಒದ್ದೆಯಾಗುವಾಗ ಜೋಕಿಮ್ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಅಲೆವೂರಿನಲ್ಲಿ ಅವನ ಹೆಂಡತಿ ವೆರೊನಿಕಾ ಆ ಸ್ವೆಟರನ್ನು ಬೇಕೆಂದೇ ರಸ್ತೆ ಬದಿಯ ಹಗ್ಗಕ್ಕೆ ಒಣಹಾಕುತ್ತಿದ್ದಳು. ಕೇಳಿದವರಿಗೂ, ಕೇಳದವರಿಗೂ, "ಇವರದ್ದು ಸರ್ವರ್ ಕೆಲಸ ಅಲ್ವಾ, ಚಳಿ" ಎನ್ನುತ್ತಿದ್ದಳು.

ಈ ಹುದ್ದೆ ಅವನಿಗೆ ಸುಳ್ಳು ಹೇಳಿ ಸಿಕ್ಕಿದ್ದಲ್ಲ. ಬಹರೈನಿನಲ್ಲಿ ಅವನು ಹನ್ನೊಂದು ವರ್ಷ ಕಂಪ್ಯೂಟರ್ ಮಾರುವ ಕಂಪೆನಿಯೊಂದರಲ್ಲಿ ಇದ್ದದ್ದು ಸತ್ಯ. ಗೋಡೌನಿನಲ್ಲಿದ್ದ ಎಂಬುದು ಆ ಸತ್ಯದ ಉಳಿದ ಭಾಗ. ಅವನ ಕೈಯಿಂದ ಸಾವಿರಾರು ಕಂಪ್ಯೂಟರುಗಳು ಹಾದು ಹೋಗಿದ್ದವು. ಒಂದೂ ಪೆಟ್ಟಿಗೆಯಿಂದ ಹೊರಗೆ ಬಂದದ್ದನ್ನು ಅವನು ಕಂಡಿರಲಿಲ್ಲ. ಊರಿಗೆ ಮರಳಿದ ಮೇಲೆ ಅಡ್ಯಂತಾಯರ ಕಾಪು ಗೋಡೌನಿನಲ್ಲಿ, ಸಿಮೆಂಟ್ ಶೀಟಿನ ಮಾಡಿನ ಕೆಳಗೆ ಬೇಯುತ್ತ, ಗೋಡಂಬಿ ಡಬ್ಬಿಗಳನ್ನು ಅಟ್ಟಿ ಕಟ್ಟುವ ಕೆಲಸಕ್ಕೆ ಸೇರಿದ್ದ. ಮೂರು ವರ್ಷದ ಹಿಂದೆ ಸರ್ವರ್ ಬಂದ ದಿನ ಧನಿ ಕೇಳಿದರು:

"ಜೋಕಿಮ್, ನೀನು ಗಲ್ಫಿನಲ್ಲಿ ಕಂಪ್ಯೂಟರ್ ಲೈನಿನಲ್ಲಿ ಇದ್ದದ್ದಲ್ವಾ?"

"ಹೌದು ಧನಿ."

ಅಷ್ಟೇ. ಸಂದರ್ಶನ ಮುಗಿಯಿತು.

ಮೂರು ವರ್ಷ ಎಲ್ಲವೂ ತಣ್ಣಗೆ ನಡೆಯಿತು. ಈ ಮೇ ತಿಂಗಳ ಮೊದಲ ಸೋಮವಾರ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು: ಡಿಸ್ಕ್ ನೂರಕ್ಕೆ ತೊಂಬತ್ತೇಳು ಭಾಗ ತುಂಬಿದೆ. ಜೋಕಿಮ್ ಹೆದರಲಿಲ್ಲ. ಗೋಡೌನ್ ತುಂಬಿದರೆ ಹಳೆಯ ಮಾಲನ್ನು ಹೊರಗೆ ಹಾಕಬೇಕು, ಇದರಲ್ಲಿ ವಿದ್ಯೆ ಏನುಂಟು? ಬೇಡವಾದ ಇಮೇಲುಗಳನ್ನು ಅಳಿಸಿರೆಂದು ಎಲ್ಲರಿಗೂ ಹೇಳಿ ಬರಲು ಹೊರಟ. ಮೊದಲು ಸಿಕ್ಕಿದ್ದು ಎದುರಿನ ಮೇಜಿನ ಲೊರ್ನಾ. ಬರುವ ಫೋನು, ಹೋಗುವ ಪಾರ್ಸೆಲ್ಲು ಎರಡೂ ಅವಳದೇ ಸುಪರ್ದಿ.

"ಲೊರ್ನಾ, ನಿನ್ನ ಇಮೇಲ್ ಪೆಟ್ಟಿಗೆಯಲ್ಲಿ ಎರಡು ವರ್ಷದ ಹಿಂದಿನ ಮದುವೆ ಕಾಗದ ಉಂಟು. ತೆಗೆಯಬಹುದಲ್ಲ?"

"ಯಾರ ಮದುವೆದು?"

"ಕಾರ್ಕಳ ಭೋಜಣ್ಣನ ತಂಗಿಯ ಮಗಳದ್ದು."

"ಅದನ್ನು ಹೇಗೆ ತೆಗೆಯುವುದು ಜೋಕಿಮ್ ಸರ್? ಅವಳಿಗೆ ಈಗ ಮಗುವೇ ಆಗಿದೆ!"

ಉಳಿದ ಮೇಜುಗಳಲ್ಲೂ ಇದೇ ತರ್ಕ. ಕಂಪೆನಿಯ ಮೂವತ್ತೆರಡು ಮಂದಿಯೂ ಮದುವೆ, ನಾಮಕರಣ, ಮನೆ ಒಕ್ಕಲು, ಪ್ರಥಮ ಪರಮಪ್ರಸಾದ ಎಲ್ಲದರ ಕಾಗದವನ್ನೂ ಉಳಿದ ಮೂವತ್ತೊಂದು ಮಂದಿಗೂ ಕಳುಹಿಸುವವರು. ಒಬ್ಬರನ್ನು ಬಿಟ್ಟರೆ ಬೇಸರ. ಕಳುಹಿಸಿದ್ದನ್ನು ಅಳಿಸಿದರೆ ಮತ್ತೂ ಬೇಸರ. ಕಾರ್ಕಳ ಕಾರ್ಖಾನೆಯ ಮ್ಯಾನೇಜರ್ ಭೋಜ ಪೂಜಾರಿಗೆ ಫೋನು ಮಾಡಿದರೆ ಅವರು, ಊರಿನ ಕ್ರೈಸ್ತರನ್ನು ಗೌರವದಿಂದ ಕರೆಯುವಂತೆ ಅವನನ್ನು 'ಪೊರ್ಬುಗಳೇ' ಎಂದು ಕರೆದು, ಮರ್ಯಾದೆಯ ಇನ್ನೊಂದು ಮುಖ ತೋರಿಸಿದರು.

"ಅಳಿಸಲಿಕ್ಕೆ ನಂದು ಎಂತದೂ ಅಡ್ಡಿ ಇಲ್ಲ ಪೊರ್ಬುಗಳೇ. ಆದರೆ ಧನಿ ಮೊದಲು ಅಳಿಸಲಿ. ಅವರಿಗಿಂತ ಮುಂದೆ ನಾನು ಅಳಿಸಿದರೆ ನೋಡುವವರಿಗೆ ಚಂದವಾ?"

ಧನಿಯ ಪೆಟ್ಟಿಗೆಯೊಂದೇ ಡಿಸ್ಕಿನ ಅರ್ಧಕ್ಕೆ ಹತ್ತಿರ ಹಿಡಿದಿತ್ತು. ಅದನ್ನು ಅಳಿಸಿರೆಂದು ಧನಿಗೆ ಹೇಳುವ ಜೀವ ಇನ್ನೂ ಹುಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ತೃಷಾ ಬಂದಳು. ಧನಿಯ ಮಗಳು, ಮಣಿಪಾಲದಲ್ಲಿ ಮ್ಯಾನೇಜ್‌ಮೆಂಟ್ ಓದಿ ಮುಗಿಸಿ, ಅಪ್ಪನ ಕಂಪೆನಿಯನ್ನು ಸರಿಮಾಡಲು ಆ ವಾರವಷ್ಟೇ ಕೈಹಾಕಿದ್ದಳು.

"ಅಂಕಲ್, ಡಿಸ್ಕ್ ತುಂಬಿದೆಯಂತೆ. ನಿಮ್ಮ ಪ್ಲಾನ್ ಎಂತ?"

ಜೋಕಿಮ್ ತನಗೆ ಗೊತ್ತಿದ್ದನ್ನೇ ಹೇಳಿದ. "ನೋಡು ಮಗಾ, ಗೋಡೌನನ್ನು ಯಾವಾಗಲೂ ಪೂರ್ತಿ ತುಂಬಿಸಬಾರದು. ಇಪ್ಪತ್ತು ಭಾಗ ಖಾಲಿ ಬಿಡಬೇಕು. ಇಲ್ಲದಿದ್ದರೆ ಕೈಗಾಡಿ ತಿರುಗಿಸುವುದು ಎಲ್ಲಿ? ವರ್ಷಕ್ಕೆ ಎಷ್ಟು ಮಾಲು ಬರ್ತದೆ ಅಂತ ನೋಡಿ, ಮೂರು ವರ್ಷಕ್ಕಾಗುವಷ್ಟು ದೊಡ್ಡ ಗೋಡೌನು ಮೊದಲೇ ಹಿಡಿಯಬೇಕು."

ತೃಷಾ ಬರೆದುಕೊಂಡಳು. "ಅಂಕಲ್, ಇದನ್ನೇ ನಮ್ಮ ಪ್ರೊಫೆಸರ್ ನಲ್ವತ್ತು ಸ್ಲೈಡಿನಲ್ಲಿ ಹೇಳಿದ್ದು! ಮತ್ತೆ ಬ್ಯಾಕಪ್?"

ಹೊಗಳಿಕೆ ಜೋಕಿಮನ ತಲೆಗೆ ಏಸಿಗಿಂತ ಬೇಗ ಏರುತ್ತಿತ್ತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಎರಡು ಡಿಸ್ಕ್ ಉಂಟು. ಒಂದು ಇಲ್ಲಿ, ಒಂದು ಕಾರ್ಕಳದಲ್ಲಿ. ಪ್ರತಿ ಶುಕ್ರವಾರ ಹನ್ನೊಂದು ಗಂಟೆಯ ಬಸ್ಸಿನಲ್ಲಿ ಕಂಡಕ್ಟರ್ ರಿತೇಶನ ಕೈಯಲ್ಲಿ ಇಲ್ಲಿಯದ್ದು ಅಲ್ಲಿಗೆ ಹೋಗ್ತದೆ. ಸಂಜೆಯ ಟ್ರಿಪ್ಪಿನಲ್ಲಿ ಅಲ್ಲಿಯದ್ದು ಇಲ್ಲಿಗೆ ಬರ್ತದೆ. ಇಲ್ಲಿ ಬೆಂಕಿ ಬಿದ್ದರೆ ಅಲ್ಲಿ ಉಂಟು. ಅಲ್ಲಿ ಬಿದ್ದರೆ ಇಲ್ಲಿ ಉಂಟು."

"ಎರಡೂ ಕಡೆ ಒಟ್ಟಿಗೆ ಬಿದ್ದರೆ?"

"ಆಗ ಗೋಡಂಬಿಯೇ ಇರುವುದಿಲ್ಲ ಮಗಾ. ಇಮೇಲ್ ಯಾರಿಗೆ?"

ತೃಷಾ ನಕ್ಕಳು. ನಗುತ್ತಲೇ ಕೇಳಿದಳು: "ಬ್ಯಾಕಪ್ಪಿನಿಂದ ಇಮೇಲ್ ವಾಪಸ್ ತಂದು ನೋಡಿದ್ದು ಕೊನೆಗೆ ಯಾವಾಗ?"

"ದೇವರ ದಯೆ, ಅಂಥ ಸಂದರ್ಭ ಬರಲಿಲ್ಲ."

"ಹಾಗಾದರೆ ನಾವೇ ಬರಿಸುವಾ! ಶನಿವಾರ ಹತ್ತು ಗಂಟೆಗೆ ನಾನು ಯಾರದ್ದಾದರೂ ಒಂದು ಪೆಟ್ಟಿಗೆ ಅಳಿಸುತ್ತೇನೆ. ನೀವು ಎಲ್ಲರ ಎದುರು ವಾಪಸ್ ತನ್ನಿ. ಬಂದರೆ ಸರ್ವರ್ ಇಲ್ಲೇ ಇರ್ತದೆ, ದೊಡ್ಡ ಡಿಸ್ಕ್ ತರಿಸುವಾ. ಬರದಿದ್ದರೆ ಇಮೇಲ್ ಎಲ್ಲ ಹೊರಗಿನ ಕಂಪೆನಿಗೆ ಕೊಟ್ಟು, ಈ ಕೋಣೆಯಲ್ಲಿ ಸ್ಟೇಷನರಿ ಇಡುವಾ."

"ಮತ್ತೆ ನಾನು?"

"ನಿಮಗೆ ಕಾಪು ಗೋಡೌನ್ ಉಂಟಲ್ಲ ಅಂಕಲ್, ನಿಮ್ಮ ಹಳೆಯ ಜಾಗ," ಎಂದಳು ತೃಷಾ, ತುಂಬ ಪ್ರೀತಿಯಿಂದ. ಸರ್ವರಿನ ಪಾಸ್‌ವರ್ಡ್ ಕೇಳಿದಳು. ಜೋಕಿಮ್ ಅದನ್ನು ದುಂಡಗಿನ ಅಕ್ಷರಗಳಲ್ಲಿ ಬರೆದು ಎರಡೂ ಕೈಯಿಂದ ಕೊಟ್ಟ.

ಅವಳು ಹೋದ ಮೇಲೆ ಅವನು ಕಪಾಟಿನಿಂದ ಡಿಸ್ಕಿನ ಪೊಟ್ಟಣ ತೆಗೆದ. ಮೊದಲ ವರ್ಷದ ಮಳೆಗಾಲಕ್ಕೆ ವೆರೊನಿಕಾ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಬಟ್ಟೆ ಹೊಲಿದು, ಹುರಿಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಕಟ್ಟಿದ್ದಳು. ಹುರಿಯ ಗಂಟು ಹಾಗೆಯೇ ಇತ್ತು. ಅವಳು ಹಾಕಿದ ಹೊಲಿಗೆಯೂ ಹಾಗೆಯೇ ಇತ್ತು. ಬಿಚ್ಚಿ ನೋಡಿದರೆ ಡಿಸ್ಕಿನ ಮೇಲೆ ಅಂಗಡಿಯಲ್ಲಿ ಅಂಟಿಸಿದ್ದ ತೆಳು ಪ್ಲಾಸ್ಟಿಕ್ಕೂ ಇತ್ತು. ಜೋಕಿಮ್ ಕಾರ್ಕಳಕ್ಕೆ ಫೋನು ಹಚ್ಚಿದ.

"ಭೋಜಣ್ಣ, ನೀವು ಈ ಡಿಸ್ಕಿಗೆ ಇಮೇಲ್ ಕಾಪಿ ಮಾಡುವುದು ಯಾವ ವಾರ?"

"ನಾನಾ? ನಾನು ಯಾಕೆ ಮಾಡಬೇಕು? ಸರ್ವರ್ ಇರುವುದು ನಿಮ್ಮಲ್ಲಿ."

"ಹಾಗಾದರೆ ನೀವು ಅಲ್ಲಿ ಎಂತ ಮಾಡ್ತೀರಿ?"

"ಬಂದದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕ್ತೇನೆ. ಮೊದಲಿನದ್ದನ್ನು ತೆಗೆದು ಕಳುಹಿಸ್ತೇನೆ. ಒಂದು ವಾರ ತಪ್ಪಿಸಿದ್ದಿಲ್ಲ."

"ಮೂರು ವರ್ಷದಲ್ಲಿ ಒಮ್ಮೆಯೂ ಬಿಚ್ಚಿ ನೋಡಲಿಲ್ಲವಾ?"

"ಎಂತ ಮಾತು ಪೊರ್ಬುಗಳೇ! ನಿಮ್ಮ ಮನೆಯ ಬಾಯಮ್ಮ ಕೈಯಾರೆ ಹೊಲಿದು ಕಟ್ಟಿದ ಪೊಟ್ಟಣ. ಇನ್ನೊಬ್ಬರ ಮನೆಯ ಗಂಟನ್ನು ನಾನು ಬಿಚ್ಚುವುದಾ? ಅಲ್ಲ, ನೀವು ಯಾಕೆ ಬಿಚ್ಚಲಿಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ಕಾಪಿ ಮಾಡುವ ಕ್ರಮ ಕಾರ್ಕಳದವರಿಗೆ ಗೊತ್ತಿರಬಹುದೆಂದು ಜೋಕಿಮ್ ತಿಳಿದಿದ್ದ. ಬನ್ನಂಜೆಯವರಿಗೆ ಗೊತ್ತಿರಲೇಬೇಕೆಂದು ಭೋಜ ತಿಳಿದಿದ್ದರು. ಕೇಳಿದರೆ ತನಗೆ ಗೊತ್ತಿಲ್ಲವೆಂದು ಹೊರಗೆ ಬೀಳುತ್ತದೆಯೆಂದು ಇಬ್ಬರೂ ಕೇಳಿರಲಿಲ್ಲ. ಹೀಗೆ ಎರಡು ಖಾಲಿ ಡಿಸ್ಕುಗಳು ಮೂರು ವರ್ಷ, ವಾರಕ್ಕೊಮ್ಮೆ, ಒಣಮೀನಿನ ಬುಟ್ಟಿ ಮತ್ತು ಮಲ್ಲಿಗೆಯ ಅಟ್ಟಿಗಳ ನಡುವೆ ಕುಳಿತು, ಬಹರೈನಿಗೆ ಎರಡು ಸಲ ಹೋಗಿ ಬರುವಷ್ಟು ದೂರ ಪ್ರಯಾಣ ಮಾಡಿದ್ದವು.

ಆದರೆ ಸಮಯವಿತ್ತು. ಸರ್ವರ್ ಕೂರಿಸಲು ಬಂದಿದ್ದ ಇಂಜಿನಿಯರ್ ಬರೆದಿಟ್ಟು ಹೋಗಿದ್ದ ಸೂಚನೆಯ ಹಾಳೆಯನ್ನು ಜೋಕಿಮ್ ಮೊದಲ ಬಾರಿಗೆ ಕೊನೆಯವರೆಗೆ ಓದಿದ. ಬೆವರಿದ. ಹದಿನೆಂಟು ಡಿಗ್ರಿಯಲ್ಲಿ ಮನುಷ್ಯ ಬೆವರಬಹುದೆಂದು ಅವನಿಗೆ ಅಂದು ತಿಳಿಯಿತು. ಸಂಜೆ ನಾಲ್ಕಕ್ಕೆ ಡಿಸ್ಕನ್ನು ಸರ್ವರಿಗೆ ಜೋಡಿಸಿ ಕಾಪಿ ಆರಂಭಿಸಿದ. ಪರದೆಯ ಮೇಲೆ ಬಂತು: ಹತ್ತೊಂಬತ್ತು ಗಂಟೆ ಬೇಕು. ಅಂದರೆ ಮರುದಿನ ಹನ್ನೊಂದಕ್ಕೆ ಮುಗಿಯುತ್ತದೆ. ಪರೀಕ್ಷೆಗೆ ಮತ್ತೂ ಒಂದು ದಿನ ಕೈಯಲ್ಲಿರುತ್ತದೆ.

ಶುಕ್ರವಾರ ಹತ್ತೂಮುಕ್ಕಾಲಿಗೆ ತೊಂಬತ್ತೆಂಟು ಭಾಗ ಆಗಿತ್ತು. ಜೋಕಿಮ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಹಿಂದಿನ ದಿನದಿಂದ ಮೊದಲ ಬಾರಿಗೆ ಹಸಿವಾಗಿ, ಗೋಳಿಬಜೆ ತಿನ್ನಲು ಹೊರಟ. ಮರಳಿ ಬಂದಾಗ ಹನ್ನೊಂದೂಹತ್ತು. ಸರ್ವರ್ ಇತ್ತು, ವಯರ್ ಇತ್ತು. ಡಿಸ್ಕ್ ಇರಲಿಲ್ಲ.

"ಲೊರ್ನಾ! ಇಲ್ಲಿದ್ದ ಡಿಸ್ಕ್?"

"ಕಳುಹಿಸಿ ಆಯ್ತಲ್ಲ," ಎಂದಳು ಲೊರ್ನಾ, ಕೆಲಸ ಮುಗಿಸಿದವರ ಗಾಂಭೀರ್ಯದಲ್ಲಿ. "ರಿತೇಶ ಹಾರ್ನ್ ಹಾಕ್ತಾ ನಿಂತಿದ್ದ. ನೀವು ಪೊಟ್ಟಣವನ್ನೇ ಕಟ್ಟದೆ ಚಾ ಕುಡಿಯಲಿಕ್ಕೆ ಹೋಗಿದ್ದಿರಿ. ಮೂರು ವರ್ಷದಲ್ಲಿ ಒಂದು ಶುಕ್ರವಾರ ತಪ್ಪಿದ್ದುಂಟಾ? ನಾನೇ ವಯರ್ ಕಿತ್ತು, ಬಟ್ಟೆ ಸುತ್ತಿ ಕೊಟ್ಟೆ."

"ಎಷ್ಟು ಭಾಗ ಆಗಿತ್ತು?"

"ಎಂತ ಭಾಗ? ಪೂರ್ತಿ ಡಿಸ್ಕನ್ನೇ ಕೊಟ್ಟೆ ಮಾರಾಯ್ರೆ."

ಒಂದು ದಿನವೂ ಉಪಯೋಗಕ್ಕೆ ಬಾರದ ವ್ಯವಸ್ಥೆಯೊಂದು, ಬೇಡವಾದ ಆ ಒಂದೇ ದಿನ ಎಷ್ಟು ಶಿಸ್ತಿನಿಂದ ಕೆಲಸ ಮಾಡಿತೆಂದರೆ, ಜೋಕಿಮ್ ಅದನ್ನು ಬೈಯಲೂ ಆಗದೆ ಸ್ಕೂಟರ್ ಹತ್ತಿದ. ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸನ್ನು ಸ್ಕೂಟರಿನಲ್ಲಿ ಬೆನ್ನಟ್ಟುವುದು ಜೀವವಿಮೆ ಇದ್ದವರು ಮಾಡುವ ಕೆಲಸ. ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಬಸ್ಸು ಜನ ಹತ್ತಿಸುತ್ತ ನಿಂತದ್ದು ಕಂಡಿತು. ಜೋಕಿಮ್ ಒಂದು ಕೈ ಮೇಲೆತ್ತಿ ಕಿರುಚಿದ. ಬಾಗಿಲಲ್ಲಿ ಜೋತಾಡುತ್ತಿದ್ದ ರಿತೇಶ ನೋಡಿದ. ಪೊರ್ಬುಗಳಿಗೆ ಪೊಟ್ಟಣದ ಚಿಂತೆ ಎಂದು ತಿಳಿದು, ಅದನ್ನು ಎತ್ತಿ ತೋರಿಸಿದ.

"ಉಂಟು ಪೊರ್ಬುಗಳೇ, ಜಾಗ್ರತೆ ಉಂಟು! ನೀವು ಹೋಗಿ!" ಎಂದು ಬಸ್ಸಿನ ಮೈಗೆ ಎರಡು ಬಡಿದು, "ರೈಟ್!" ಎಂದ.

ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಜೋಕಿಮ್ ಕಾರ್ಕಳದ ಕಾರ್ಖಾನೆ ಮುಟ್ಟಿದಾಗ ಅಲ್ಲಿ ಗೋಡಂಬಿ ಆರಿಸುವವರ ಮೇಲ್ವಿಚಾರಕಿ ಕುಶಲಾ ಒಬ್ಬಳೇ ಇದ್ದಳು.

"ಭೋಜಣ್ಣ ಎಲ್ಲಿ?"

"ನಿಮ್ಮ ಪೊಟ್ಟಣ ಬಂತು. ಕಪಾಟಿನಲ್ಲಿಟ್ಟು ಬೀಗ ಹಾಕಿ, ಕಾಪುವಿಗೆ ಹೋದರು. ಧನಿಯವರ ಭಾವನ ಮನೆ ಒಕ್ಕಲು ಅಲ್ವಾ? ನಿಮಗೆ ಇಮೇಲ್ ಬರಲಿಲ್ಲವಾ?"

"ಕೀಲಿಕೈ?"

"ಕೀಲಿಕೈ ಬಿಟ್ಟು ಹೋಗುವ ಜನವಾ ಅವರು?"

ಜೋಕಿಮ್ ಸ್ಕೂಟರನ್ನು ಶಿರ್ವದ ದಾರಿಗೆ ತಿರುಗಿಸಿದ.

ಕಾಪುವಿನಲ್ಲಿ ಹೊಸಮನೆಯ ಎದುರು ಚಪ್ಪರ, ಚಪ್ಪರದ ಕೆಳಗೆ ನಾನೂರು ಜನ. ಮನೆಯ ಯಜಮಾನರು ದಯಾನಂದ ಮಾರ್ಲರು, ಧನಿಯ ಹೆಂಡತಿಯ ಅಣ್ಣ. ಕುಟುಂಬದ ದೈವಸ್ಥಾನದ ಜೀರ್ಣೋದ್ಧಾರ ಸಮಿತಿಯ ಅಧ್ಯಕ್ಷರು. ಆ ಕೆಲಸದ ಬಗ್ಗೆ ಅವರು ಮೂರು ವರ್ಷಗಳಿಂದ ಧನಿಗೆ ದಿನಕ್ಕೆ ಹತ್ತಿಪ್ಪತ್ತು ಇಮೇಲ್ ಬರೆಯುತ್ತಿದ್ದರು. ಒಂದೊಂದು ಕಂಬಕ್ಕೆ ಎಂಟು ಫೋಟೋ, ಮೂಲೆಗೊಂದು ವಿಡಿಯೋ, ಕೊನೆಯಲ್ಲಿ 'ಭಾವನವರ ಉತ್ತರಕ್ಕೆ ಕಾದಿರುವ ಹನ್ನೊಂದು ಅಂಶಗಳು'. ಬಳಗದ ಹಿರಿಯರಿಗೆಲ್ಲ ಪ್ರತಿ ಕಳುಹಿಸುತ್ತಿದ್ದರು. ಅವರಲ್ಲಿ ಕೆಲವರು ಎಲ್ಲರನ್ನೂ ಸೇರಿಸಿಕೊಂಡು ಉತ್ತರಿಸುತ್ತಿದ್ದರು.

ಭೋಜಣ್ಣ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದರು. ಜೋಕಿಮ್ ಅವರ ಹಿಂದೆ ಬಗ್ಗಿ ನಡೆಯುತ್ತ, "ಕೀಲಿಕೈ ಕೊಡಿ" ಎಂದ.

"ಮೊದಲು ಊಟ."

"ಊಟ ಬೇಡ, ಕೀಲಿಕೈ."

"ಒಕ್ಕಲಿನ ಮನೆಯಿಂದ ಉಣ್ಣದೆ ಹೋಗುವುದಾ? ಕುಳಿತುಕೊಳ್ಳಿ ಪೊರ್ಬುಗಳೇ, ಜನ ನೋಡ್ತಾರೆ."

ಜನ ನೋಡಿದರು. ಧನಿಯೇ ನೋಡಿ ಕರೆದರು. "ಬಾ ಜೋಕಿಮ್, ಇಲ್ಲಿ ಕೂತುಕೋ. ಭಾವ, ಇವನೇ ನಮ್ಮ ಸರ್ವರ್ ಜೋಕಿಮ್." ಒಂದು ಬದಿಯಲ್ಲಿ ಧನಿ, ಇನ್ನೊಂದು ಬದಿಯಲ್ಲಿ ತೃಷಾ, ನಡುವೆ ಎಲೆಯ ಮುಂದೆ ಜೋಕಿಮ್.

ಮಾರ್ಲರು ಎದುರಿಗೆ ಬಂದು ನಿಂತರು. "ನನ್ನ ಪತ್ರಗಳೆಲ್ಲ ಭದ್ರ ಉಂಟಲ್ಲ?"

"ಒಂದೂ ಹೋಗುವುದಿಲ್ಲ ಭಾವ," ಎಂದರು ಧನಿ, ಪಾಯಸದಲ್ಲಿ ಕಲ್ಲು ಸಿಕ್ಕಿದವರ ಹಾಗೆ. "ಎಷ್ಟು ವರ್ಷವಾದರೂ ಹೋಗುವುದಿಲ್ಲ."

ತೃಷಾಳ ಕಣ್ಣು ಹೊಳೆಯಿತು. "ಅಪ್ಪಾ, ಪರೀಕ್ಷೆಗೆ ನಿಮ್ಮ ಪೆಟ್ಟಿಗೆಯನ್ನೇ ಅಳಿಸುವಾ. ನಾಳೆಯವರೆಗೆ ಯಾಕೆ? ನಿಜವಾದ ಅಪಾಯ ಹೇಳಿ ಬರುವುದಿಲ್ಲ. ಜೋಕಿಮ್ ಅಂಕಲ್ ಇಲ್ಲಿ, ಡಿಸ್ಕ್ ಕಾರ್ಕಳದಲ್ಲಿ. ಇದೇ ಸರಿಯಾದ ಪರೀಕ್ಷೆ!"

"ಮಗಾ, ಸ್ವಲ್ಪ..." ಎಂದ ಜೋಕಿಮ್. ಬಾಯಲ್ಲಿ ಹೋಳಿಗೆಯಿತ್ತು. ಹೋಳಿಗೆ ಇಳಿಯುವಷ್ಟರಲ್ಲಿ ತೃಷಾಳ ಬೆರಳು ಫೋನಿನ ಮೇಲೆ ಎರಡು ಸಲ ಇಳಿದಿತ್ತು.

"ಹೋಯ್ತು."

"ಎಂತ ಹೋಯ್ತು?" ಎಂದರು ಮಾರ್ಲರು.

"ಅಪ್ಪನ ಇಮೇಲ್ ಎಲ್ಲ, ಮಾಮ. ಎಂಬತ್ತಾರು ಸಾವಿರ."

ಪಂಕ್ತಿಯಲ್ಲಿ ಪಾಯಸದ ಸೌಟು ನಿಂತಿತು. ಮಾರ್ಲರು ಎದೆ ಹಿಡಿದುಕೊಂಡರು. "ನನ್ನ ಕಂಬಗಳು! ಮೂರು ವರ್ಷದ್ದು! ಜೋಕಿಮ್, ವಾಪಸ್ ಬರ್ತದಾ?"

ನಾನೂರು ಜನರ ಎದುರು 'ಇಲ್ಲ' ಎನ್ನುವ ಶಕ್ತಿ ಜೋಕಿಮನಿಗೆ ಇರಲಿಲ್ಲ. "ಬರ್ತದೆ," ಎಂದ. ಧನಿ ಎಲೆಯನ್ನೇ ನೋಡುತ್ತಿದ್ದರು. ಅವರ ಮುಖ ಒಂದು ಥರ ಆಗಿತ್ತು. ಆಘಾತ, ಎಂದುಕೊಂಡ ಜೋಕಿಮ್. ಗೋಡೌನಿನ ಶೀಟಿನ ಶಾಖ ಆಗಲೇ ನೆತ್ತಿಗೆ ತಟ್ಟಿದಂತಾಯಿತು.

ಎರಡು ಹೋಳಿಗೆ ಮುಗಿದ ಮೇಲೆ ಕೀಲಿಕೈ ಸಿಕ್ಕಿತು. ಮತ್ತೆ ಕಾರ್ಕಳ, ಅಲ್ಲಿಂದ ಉಡುಪಿ. ಈ ಸಲ ಡಿಸ್ಕ್ ಅವನ ಅಂಗಿಯ ಒಳಗಿತ್ತು.

ಶನಿವಾರ ಎಂಟು ಗಂಟೆಗೇ ಬಂದು ಡಿಸ್ಕ್ ಜೋಡಿಸಿದ. ಲೊರ್ನಾ ಕಿತ್ತ ರಭಸಕ್ಕೆ ಏನೇನು ಉಳಿದಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಕಾಪಿ ಹೆಸರುಗಳ ಅಕ್ಷರಮಾಲೆಯ ಕ್ರಮದಲ್ಲಿ ನಡೆದಿತ್ತು. ಎಲ್ಲಕ್ಕಿಂತ ಮೊದಲು ಅಡ್ಯಂತಾಯ. ಎಂಬತ್ತಾರು ಸಾವಿರವೂ ಇದ್ದವು, ಒಂದೂ ಕಡಿಮೆಯಿಲ್ಲದೆ. ಜೋಕಿಮ್ ಸರ್ವರಿಗೆ ಮುತ್ತು ಕೊಟ್ಟ. ಅದು ತಣ್ಣಗಿತ್ತು.

ಬಾಗಿಲು ತೆರೆಯಿತು. ಧನಿ ಒಬ್ಬರೇ ಬಂದು ಬಾಗಿಲು ಹಾಕಿಕೊಂಡರು.

"ಜೋಕಿಮ್, ಸಿಕ್ಕಿತಾ?"

"ಪೂರ್ತಿ ಸಿಕ್ಕಿತು ಧನಿ! ಈ ಒಂದು ಬಟನ್ ಒತ್ತಿದರೆ..."

"ಒತ್ತಬೇಡ."

ಜೋಕಿಮ್ ಬೆರಳನ್ನು ಗಾಳಿಯಲ್ಲೇ ಬಿಟ್ಟ.

"ಹಳೆಯದು ಬರಲಿ ಅಂತ ಭಾವ ಹೊಸದು ಬರೆಯದೆ ಕಾಯ್ತಾ ಇದ್ದಾರೆ. ನಿನ್ನೆ ಊಟದಿಂದ ಇಲ್ಲಿವರೆಗೆ ನನ್ನ ಫೋನು ಒಮ್ಮೆಯೂ ಟಿಣ್ ಅನ್ನಲಿಲ್ಲ," ಎಂದರು ಧನಿ, ಗುಡಿಯೊಳಗೆ ಮಾತಾಡುವವರ ಹಾಗೆ. "ಬೆಳಿಗ್ಗೆ ಎದ್ದು ಪೇಪರ್ ಓದಿದೆ ಮಾರಾಯ. ಪೂರ್ತಿ ಪೇಪರ್. ಮೂರು ವರ್ಷ ಆಗಿತ್ತು. ಆ ಕಂಬಗಳು ವಾಪಸ್ ಬಂದರೆ ಹನ್ನೊಂದು ಅಂಶವೂ ವಾಪಸ್ ಬರ್ತದೆ."

"ಹಾಗಾದರೆ ಬರಲಿಲ್ಲ ಅಂತ ಹೇಳುವುದಾ?"

"ಅಯ್ಯೋ, ಬರಲಿಲ್ಲ ಅಂದರೆ ಭಾವ ಎಲ್ಲವನ್ನೂ ಇನ್ನೊಮ್ಮೆ ಕಳುಹಿಸ್ತಾರೆ! ಬಂತು ಅಂದರೆ ಉತ್ತರ ಕೊಡಬೇಕು." ಧನಿ ಕುರ್ಚಿ ಎಳೆದು ಹತ್ತಿರ ಕುಳಿತರು. "ಬರ್ತಾ ಉಂಟು ಅಂತ ಮಾಡಲಿಕ್ಕಾಗ್ತದಾ?"

ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಜೋಕಿಮನಿಗೆ ಒಂದು ಕೆಲಸ ನಿಜವಾಗಿ ಗೊತ್ತಿತ್ತು. ಅದನ್ನು ಹದಿನೈದು ನಿಮಿಷದಲ್ಲಿ ಮಾಡಿ ಮುಗಿಸುವ ಆಸೆ ಅವನ ಬೆರಳ ತುದಿಯಲ್ಲಿ ಇನ್ನೂ ಕುಣಿಯುತ್ತಿತ್ತು. ಅವನು ಬೆರಳನ್ನು ಮಡಚಿದ. "ಆಗ್ತದೆ ಧನಿ. ಆದರೆ ತೃಷಾ..."

"ಅವಳಿಗೆ ನಾನು ಹೇಳ್ತೇನೆ."

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಮಾರ್ಲರು ಕಾಪುವಿನಿಂದ ಕಾರು ಮಾಡಿಕೊಂಡು ಬಂದಿದ್ದರು. ತೃಷಾ ಪರೀಕ್ಷೆಗೆಂದು, ತಾನು ಅಪ್ಪನಿಗೆ ಮಣಿಪಾಲದಿಂದ ಕಳುಹಿಸಿದ್ದ ಮೊದಲ ಸೆಮಿಸ್ಟರಿನ ಅಂಕಪಟ್ಟಿಯನ್ನು ಕೇಳಿದಳು. ಜೋಕಿಮ್ ನಾಲ್ಕು ನಿಮಿಷದಲ್ಲಿ ತಂದು ಪರದೆಯ ಮೇಲೆ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಕ ನೋಡಿದ ಮೇಲೆ ತೃಷಾ ಬೇಗನೆ ಅದನ್ನು ಪರದೆಯಿಂದ ತೆಗೆದಳು.

"ಸೂಪರ್ ಅಂಕಲ್! ಸರ್ವರ್ ಇಲ್ಲೇ ಇರಲಿ. ಇನ್ನು ಉಳಿದದ್ದನ್ನೂ ತನ್ನಿ."

ಧನಿ ಕೆಮ್ಮಿದರು. "ಒಮ್ಮೆಲೇ ಬೇಡ. ವ್ಯಾಪಾರದ ಪತ್ರಗಳು ಉಂಟು, ಒಂದಕ್ಕೊಂದು ಬೆರೆಯಬಾರದು. ದಿನಕ್ಕೆ ಹತ್ತು ಬರಲಿ. ಯಾವ ಹತ್ತು ಅಂತ ನಾನು ಬೆಳಿಗ್ಗೆ ಹೇಳ್ತೇನೆ. ಎಲ್ಲ ಮುಗಿಯುವವರೆಗೆ ಜೋಕಿಮ್ ಈ ಕೋಣೆ ಬಿಟ್ಟು ಕದಲಬಾರದು."

"ಹಂತ ಹಂತವಾಗಿ ಮರಳಿ ತರುವುದು," ಎಂದು ತೃಷಾ ಬರೆದುಕೊಂಡಳು. ಪರದೆಯ ಮೂಲೆಯಲ್ಲಿದ್ದ ಅಂಕಿ ಅವಳ ಕಣ್ಣಿಗೆ ಬಿತ್ತು. "ಅರೆ, ಡಿಸ್ಕ್ ಐವತ್ತನಾಲ್ಕು ಭಾಗಕ್ಕೆ ಇಳಿದಿದೆ! ಹೊಸ ಡಿಸ್ಕೂ ಬೇಡ!"

"ಕಂಬಗಳು ಯಾವಾಗ ಬರ್ತವೆ ಜೋಕಿಮ್?" ಎಂದು ಕೇಳಿದರು ಮಾರ್ಲರು.

"ಸರದಿಯಲ್ಲಿ ಉಂಟು ಸ್ವಾಮಿ. ಬರ್ತಾ ಉಂಟು."

ದಿನಕ್ಕೆ ಹತ್ತರಂತೆ, ರಜೆಗಳನ್ನು ಬಿಟ್ಟು, ಎಂಬತ್ತಾರು ಸಾವಿರಕ್ಕೆ ಇಪ್ಪತ್ತೆಂಟು ವರ್ಷ ಬೇಕು. ಜೋಕಿಮನ ನಿವೃತ್ತಿಗೆ ಇರುವುದು ಏಳು ವರ್ಷ. ಈ ಲೆಕ್ಕವನ್ನು ಆ ಕೋಣೆಯಲ್ಲಿ ಇಬ್ಬರೇ ಮಾಡಿದ್ದರು.

ಸೋಮವಾರ ಬೆಳಿಗ್ಗೆ ಸರ್ವರಿಗೆ ಮಾರ್ಲರ ಹೊಸ ಇಮೇಲ್ ಬಂದು ಬಿತ್ತು. ಹಳೆಯ ಇಮೇಲುಗಳು ಎಲ್ಲಿಯವರೆಗೆ ಬಂದವು ಎಂಬ ಬಗ್ಗೆ ಹನ್ನೊಂದು ಅಂಶಗಳನ್ನು ಎತ್ತಿ, ಮೂವತ್ತೆರಡು ಮಂದಿಗೂ ಪ್ರತಿ ಕಳುಹಿಸಿದ್ದರು. ಜೋಕಿಮ್ ಅದನ್ನು ಗೌರವದಿಂದ ಓದಿ, ಸರದಿಯ ತುದಿಗೆ ಸೇರಿಸಿ, ಏಸಿಯನ್ನು ಇನ್ನೊಂದು ಡಿಗ್ರಿ ಇಳಿಸಿದ.